ಎಂಜಿನ್ನಿನ ಕೀಲೆಣ್ಣೆ

ಪೆಟ್ರೋಲು ಎಂಜಿನ್ನಿಗೆ ಎಂತಹ ಎಣ್ಣೆ ಹಾಕಬೇಕು ಎಂಬ ವಿಷಯವನ್ನು ಕುರಿತು ಹದಿನೈದು ನಿಮಿಷ ಮಾತನಾಡಿ ಎಂದು ಬಾನುಲಿಯ ಗೆಳೆಯರು ಕೇಳಿದಾಗ ನಾನು ಮೊದಲು ನಕ್ಕೆ. ಮೂವತ್ತೆರಡು ವರ್ಷ ಕಾಲೇಜುಗಳಲ್ಲಿ ಕನ್ನಡ ಪಾಠ ಹೇಳಿದವನಿಗೂ ಮೋಟಾರಿನ ಹೊಟ್ಟೆಗೂ ಏನು ನಂಟು? ಈ ಊರಿನಲ್ಲಿ ಎಂಜಿನಿಯರುಗಳಿಗೆ ಬರವಿಲ್ಲ, ಅವರನ್ನು ಕರೆಯಿರಿ ಎಂದೆ. “ಅವರು ಎಂಜಿನ್ ಕೆಡಿಸಿಕೊಂಡವರಲ್ಲ, ನೀವು ಕೆಡಿಸಿಕೊಂಡವರು” ಎಂದರು. ಎದುರಾಡುವಂತಿರಲಿಲ್ಲ. ನಾಲ್ಕು ವರ್ಷಗಳ ಕಾಲ ಶ್ರದ್ಧೆಯಿಂದ, ಖರ್ಚಿಗೆ ಹಿಂಜರಿಯದೆ, ತಪ್ಪು ಎಣ್ಣೆ ಹಾಕಿ ಒಂದು ಒಳ್ಳೆಯ ಎಂಜಿನ್ನನ್ನು ನಾನು ಹಾಳುಮಾಡಿದ್ದು ನಿಜ. ಆ ಅನುಭವ ಕೇಳುಗರಲ್ಲಿ ಒಬ್ಬರಿಗಾದರೂ ಉಪಯೋಗಕ್ಕೆ ಬಂದರೆ ಬರಲಿ ಎಂದು ಒಪ್ಪಿಕೊಂಡೆ.

ತಪ್ಪಿನ ಬೇರು ಬಹಳ ಹಿಂದಕ್ಕೆ ಹೋಗುತ್ತದೆ. ಹಾಸನ ಸೀಮೆಯ ನಮ್ಮ ಹಳ್ಳಿಯ ಮನೆಯಲ್ಲಿ ಎತ್ತಿನ ಗಾಡಿಯಿತ್ತು. ಗಾಡಿಯ ಅಡಿಯಲ್ಲಿ ಬಿದಿರಿನದೊಂದು ಅಂಡೆ ತೂಗಾಡುತ್ತಿತ್ತು. ಅದರ ತುಂಬ ಕೀಲೆಣ್ಣೆ. ಹುಲ್ಲು ಸುಟ್ಟ ಕರಿಯನ್ನು ಹರಳೆಣ್ಣೆಯಲ್ಲಿ ಕಲಸಿ ಅಜ್ಜ ತಾವೇ ಅದನ್ನು ಹದಮಾಡುತ್ತಿದ್ದರು. ಸಂತೆಗೋ ಜಾತ್ರೆಗೋ ಹೊರಡುವ ಹಿಂದಿನ ಸಂಜೆ ಕಡಾಣಿ ತೆಗೆದು, ಗಾಲಿಯನ್ನು ಈಚೆಗೆ ಸರಿಸಿ, ಅಚ್ಚಿಗೆ ಅದನ್ನು ಬಳಿಯುವುದು ಹುಡುಗರಾದ ನಮ್ಮ ಪಾಲಿನ ಕೆಲಸ. ಕಡ್ಡಿಯಲ್ಲಿ ಅದ್ದಿ ಮೇಲಕ್ಕೆತ್ತಿದರೆ ಜಾರಿ ಬೀಳಬಾರದು. ಅದೇ ಹದ ಎಂದು ಅಜ್ಜ ಹೇಳುತ್ತಿದ್ದರು. ಎಣ್ಣೆಯ ಗುಣವೆಂದರೆ ಅದರ ಗಟ್ಟಿತನ ಎಂಬ ನಂಬಿಕೆ ಅಂದೇ ನನ್ನ ತಲೆಯಲ್ಲಿ ಕೂತಿತು.

ಗಾಡಿಯ ಅಚ್ಚಿಗೆ ಅದು ಸರಿಯೇ. ನಿಧಾನವಾಗಿ ಉರುಳುವ ಗಾಲಿ, ಮೇಲೆ ಭಾರ, ಸುತ್ತ ಧೂಳು. ಅಲ್ಲಿ ಎಣ್ಣೆ ಅಂಟಿಕೊಂಡಿದ್ದರೆ ಸಾಕು. ಎಂಜಿನ್ನಿನಲ್ಲಿ ಅಂಟಿಕೊಂಡಿದ್ದರೆ ಸಾಲದು, ಹರಿಯಬೇಕು. ಈ ವ್ಯತ್ಯಾಸ ನನಗೆ ತಿಳಿಯಲು ಮುಪ್ಪು ಸಮೀಪಿಸಬೇಕಾಯಿತು. ಆದರೆ ವಿಜ್ಞಾನಿಗಳಿಗೂ ಇದು ಬೇಗ ತಿಳಿದದ್ದೇನೂ ಅಲ್ಲ ಎಂಬುದು ಒಂದು ಸಮಾಧಾನ.

ಇಂಗ್ಲೆಂಡಿನಲ್ಲಿ ಬೀಚಮ್ ಟವರ್ ಎಂಬ ಎಂಜಿನಿಯರನಿದ್ದ. ರೈಲುಗಾಡಿಯ ಅಚ್ಚುಗಳಲ್ಲಿ ಆಗುವ ಘರ್ಷಣೆಯನ್ನು ಅಳೆಯುವ ಕೆಲಸವನ್ನು ಅಲ್ಲಿನ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಸ್ಥೆ ಅವನಿಗೆ ಒಪ್ಪಿಸಿತ್ತು. ತಿರುಗುವ ಅಚ್ಚಿನ ಕೆಳಭಾಗ ಎಣ್ಣೆಯ ತೊಟ್ಟಿಯಲ್ಲಿ ಅದ್ದಿತ್ತು. ಮೇಲೆ ಲೋಹದ ಬೇರಿಂಗು ಭಾರ ಹೊತ್ತು ಕುಳಿತಿತ್ತು. ಎಣ್ಣೆ ಬಿಡಲೆಂದು ಬೇರಿಂಗಿನ ನೆತ್ತಿಯಲ್ಲಿ ಅವನೊಂದು ತೂತು ಕೊರೆದ. ಯಂತ್ರ ತಿರುಗಿದೊಡನೆ ಆ ತೂತಿನಿಂದ ಎಣ್ಣೆ ಮೇಲಕ್ಕೆ ಉಕ್ಕತೊಡಗಿತು. ಬಿರಡೆ ಜಡಿದ, ಅದು ಹೊರಕ್ಕೆ ತಳ್ಳಲ್ಪಟ್ಟಿತು. ಮರದ ಗೂಟ ಬಡಿದ, ಅದೂ ನಿಲ್ಲಲಿಲ್ಲ. ಕೊನೆಗೆ ಒತ್ತಡ ಅಳೆಯುವ ಮಾಪಕವನ್ನೇ ಆ ತೂತಿಗೆ ಜೋಡಿಸಿದಾಗ ಮುಳ್ಳು ಚದರ ಅಂಗುಲಕ್ಕೆ 200 ಪೌಂಡನ್ನೂ ದಾಟಿತು. ಬೇರಿಂಗಿನ ಮೇಲೆ ಹೇರಿದ್ದ ಭಾರದ ಸರಾಸರಿಯಾದರೋ ಸುಮಾರು 100 ಪೌಂಡು. 1883ರಲ್ಲಿ ಈ ವರದಿ ಪ್ರಕಟವಾಯಿತು. ಇದರ ಗುಟ್ಟನ್ನು ಮ್ಯಾಂಚೆಸ್ಟರಿನ ಪ್ರಾಧ್ಯಾಪಕ ಆಸ್ಬರ್ನ್ ರೆನಾಲ್ಡ್ಸ್ 1886ರಲ್ಲಿ ಗಣಿತದಿಂದ ಬಿಡಿಸಿದ. ತಿರುಗುವ ಅಚ್ಚು ತನ್ನ ಮೈಗಂಟಿದ ಎಣ್ಣೆಯನ್ನು ಇಕ್ಕಟ್ಟಾದ ಸಂದಿಗೆ ಎಳೆದು ತರುತ್ತದೆ. ಅಲ್ಲಿ ಸಿಕ್ಕಿಬಿದ್ದ ಎಣ್ಣೆ ಬೆಣೆಯಂತೆ ನಿಂತು, ತನ್ನೊಳಗೆ ಹುಟ್ಟಿದ ಒತ್ತಡದಿಂದ ಭಾರವನ್ನು ಎತ್ತಿ ಹಿಡಿಯುತ್ತದೆ. ಲೋಹ ಲೋಹವನ್ನು ಮುಟ್ಟುವುದೇ ಇಲ್ಲ. ಅಚ್ಚು ಎಣ್ಣೆಯ ಮೇಲೆ ತೇಲುತ್ತದೆ.

ಕಾರಿನ ಎಂಜಿನ್ನಿನಲ್ಲಿ ನಡೆಯುವುದೂ ಇದೇ. ಅಳತೆ ಮಾತ್ರ ಬೆರಗುಗೊಳಿಸುವಂಥದು. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್, ಎಂದರೆ ಮಿಲಿಮೀಟರಿನ ಸಾವಿರ ಪಾಲುಗಳಲ್ಲಿ 70. ಬೇರಿಂಗಿಗೂ ಅದರೊಳಗೆ ತಿರುಗುವ ಕ್ರ್ಯಾಂಕ್ ಶಾಫ್ಟಿಗೂ ನಡುವಣ ಸಂದು ಸಾಮಾನ್ಯವಾಗಿ 20ರಿಂದ 50 ಮೈಕ್ರಾನ್. ಭಾರ ಬಿದ್ದಾಗ ಎಣ್ಣೆಯ ಪದರ ಕೆಲವೇ ಮೈಕ್ರಾನುಗಳಿಗೆ ಇಳಿಯುತ್ತದೆ. ನಿಮಿಷಕ್ಕೆ ಮೂರು ಸಾವಿರ ಸುತ್ತು ತಿರುಗುವ ಉಕ್ಕು ಇಷ್ಟು ತೆಳುವಾದ ಹಾಸಿಗೆಯ ಮೇಲೆ ಮಲಗಿದೆ. ಎಣ್ಣೆ ತೀರ ತೆಳುವಾದರೆ ಹಾಸಿಗೆ ಹರಿದು ಲೋಹಕ್ಕೆ ಲೋಹ ತಾಗುತ್ತದೆ. ತೀರ ಗಟ್ಟಿಯಾದರೆ ಸಂದಿಗೆ ಹೊತ್ತಿಗೆ ಸರಿಯಾಗಿ ತಲಪುವುದಿಲ್ಲ, ತಲಪಿದರೂ ತನ್ನನ್ನು ತಾನೇ ಕಡೆಯುವುದರಲ್ಲಿ ಪೆಟ್ರೋಲನ್ನು ಸುಡಿಸುತ್ತದೆ. ಎಷ್ಟು ಗಟ್ಟಿ ಬೇಕು ಎಂಬುದನ್ನು ನಿರ್ಧರಿಸಿದವನು ಆ ಸಂದನ್ನು ಕೊರೆದವನು, ಎಂದರೆ ಎಂಜಿನ್ ಮಾಡಿದವನು. ಅವನು ಅದನ್ನು ಒಂದು ಪುಸ್ತಿಕೆಯಲ್ಲಿ ಬರೆದು ಕಾರಿನ ಜೊತೆಗೇ ಕೊಟ್ಟಿರುತ್ತಾನೆ.

ನನ್ನ ಕಥೆ ಆ ಪುಸ್ತಿಕೆಯ ಕಥೆ. 1979ರಲ್ಲಿ ನಾನೊಂದು ಹಳೆಯ ಫಿಯಟ್ ಕಾರು ಕೊಂಡಿದ್ದೆ. ಅದು ಆಗಲೇ ಸಾಕಷ್ಟು ಲೋಕ ನೋಡಿತ್ತು. ಎಣ್ಣೆ ಕುಡಿಯುತ್ತಿತ್ತು, ನೀಲಿ ಹೊಗೆ ಬಿಡುತ್ತಿತ್ತು. ಅಂಗಡಿಯವರೊಬ್ಬರು 50ನೆಯ ದರ್ಜೆಯ ಗಟ್ಟಿ ಎಣ್ಣೆ ಹಾಕಿಸಿದರು. ಹೊಗೆ ಕಡಿಮೆಯಾಯಿತು, ಸದ್ದು ಅಡಗಿತು. ಸವೆದು ಸಂದು ಅಗಲವಾದ ಎಂಜಿನ್ನಿಗೆ ಒಂದು ದರ್ಜೆ ಗಟ್ಟಿಯಾದ ಎಣ್ಣೆ ಊರುಗೋಲಾಗುವುದುಂಟು, ಇದರಲ್ಲಿ ಸುಳ್ಳೇನಿಲ್ಲ. ನಾನು ಮಾತ್ರ ಊರುಗೋಲನ್ನೇ ಕಾಲೆಂದು ತಿಳಿದೆ.

1988ರಲ್ಲಿ ಸಾಲ ತೆಗೆದು ಹೊಸದೊಂದು ಪುಟ್ಟ ಕಾರನ್ನು ಕೊಂಡೆ. ಆ ವರ್ಷವೇ ಮಡಿಕೇರಿಗೆ ವರ್ಗವಾಯಿತು. ಆರಂಭದ ಉಚಿತ ಸರ್ವಿಸುಗಳು ಮುಗಿದ ಮೇಲೆ ಎಣ್ಣೆಯ ಜವಾಬ್ದಾರಿ ನನ್ನದಾಯಿತು. ಹಳೆಯ ಕಾರಿಗೆ ಹಾಕಿದ್ದಕ್ಕಿಂತ ಕಡಿಮೆಯದನ್ನು ಹೊಸ ಕಾರಿಗೆ ಹಾಕಲು ಮನಸ್ಸು ಬಂದೀತೆ? ಅದೇ 50ನೆಯ ದರ್ಜೆಯ ಎಣ್ಣೆ ಹಾಕಿಸಿದೆ, ಅದೂ ಹೇಳಿದ ಅವಧಿಗಿಂತ ಮುಂಚೆಯೇ. ಮಡಿಕೇರಿಯ ಚಳಿಗಾಲದ ಬೆಳಗಿನಲ್ಲಿ, ಹತ್ತು ಹನ್ನೆರಡು ಡಿಗ್ರಿಯಲ್ಲಿ, ಕಾರು ಶುರುಮಾಡಿದರೆ ಎಂಜಿನ್ನಿನ ನೆತ್ತಿಯಲ್ಲಿ ಟಕಟಕ ಎಂದು ಸದ್ದಾಗುತ್ತಿತ್ತು. ಕೆಲವು ಕ್ಷಣಗಳಾದ ಮೇಲೆ ನಿಲ್ಲುತ್ತಿತ್ತು. “ಇದೇಕೆ ಹೀಗೆ ಕೆಮ್ಮುತ್ತದೆ?” ಎಂದು ನನ್ನ ಹೆಂಡತಿ ಕೇಳುತ್ತಿದ್ದಳು. ಚಳಿ ಎನ್ನುತ್ತಿದ್ದೆ. ಸಾವಿರಕ್ಕೂ ಮೀರಿದ ಬೆಳಗುಗಳು ಹೀಗೆ ಕಳೆದವು.

1992ರಲ್ಲಿ ಟಕಟಕ ನಿಲ್ಲದಾಯಿತು. ಗ್ಯಾರೇಜಿನ ಹಿರಿಯರು ಮೇಲಿನ ಮುಚ್ಚಳ ತೆಗೆದು, ಕ್ಯಾಮ್ ಶಾಫ್ಟನ್ನು ಬಿಚ್ಚಿ ನನ್ನ ಕೈಗೆ ಕೊಟ್ಟರು. ಅದರ ಮೈಮೇಲೆ ಮೊಟ್ಟೆಯ ತುದಿಯಂತಹ ಉಬ್ಬುಗಳಿರುತ್ತವೆ. ಕವಾಟಗಳನ್ನು ತೆರೆಯುವುದು ಆ ಉಬ್ಬುಗಳೇ. ಎರಡು ಉಬ್ಬುಗಳು ಸವೆದು ಮಟ್ಟಸವಾಗಿದ್ದವು. ಫಿಯಟ್ಟಿನಲ್ಲಿ ಈ ಶಾಫ್ಟು ಕೆಳಗೆ, ಎಣ್ಣೆಯ ತೊಟ್ಟಿಗೆ ಹತ್ತಿರದಲ್ಲಿತ್ತು. ಈ ಕಾರಿನಲ್ಲಿ ಅದು ಎಂಜಿನ್ನಿನ ನೆತ್ತಿಯ ಮೇಲೆ, ಎಣ್ಣೆ ಎಲ್ಲಕ್ಕಿಂತ ಕೊನೆಗೆ ತಲಪುವ ಜಾಗದಲ್ಲಿ. ಚಳಿಯಲ್ಲಿ ಜೇನಿನಂತಾದ ಎಣ್ಣೆಯನ್ನು ಪಂಪು ತಳ್ಳುತ್ತದೆ. ಒತ್ತಡ ಮಿತಿಮೀರಿದಾಗ ಒಂದು ಕವಾಟ ತೆರೆದು, ಎಣ್ಣೆಯ ಬಹುಪಾಲನ್ನು ಮೇಲಕ್ಕೆ ಬಿಡದೆ ಹಿಂದಕ್ಕೇ ಕಳಿಸಿಬಿಡುತ್ತದೆ. ಒತ್ತಡ ಹೆಚ್ಚಿದೆ, ಆದರೆ ಹರಿವು ಇಲ್ಲ. ಅಷ್ಟು ಹೊತ್ತು ಆ ಉಬ್ಬುಗಳು ಬರಿ ಮೈಯಲ್ಲಿ ಉಜ್ಜಿಕೊಂಡಿವೆ.

“ಪುಸ್ತಕದಲ್ಲಿ ಏನು ಬರೆದಿದೆ, ಮೇಷ್ಟ್ರೆ?” ಎಂದು ಹಿರಿಯರು ಕೇಳಿದರು. ಪುಸ್ತಿಕೆ ಕಾರಿನ ಡ್ರಾಯರಿನಲ್ಲಿ ಪ್ಲಾಸ್ಟಿಕ್ ಹೊದಿಕೆಯೊಳಗೆ, ಕೊಟ್ಟ ದಿನ ಇದ್ದಂತೆಯೇ ಇತ್ತು. ತರಗತಿಯಲ್ಲಿ ಗೈಡನ್ನು ನಂಬಬೇಡಿ, ಮೂಲ ಪಠ್ಯವನ್ನು ಓದಿ ಎಂದು ಮೇಜು ಕುಟ್ಟಿ ಹೇಳುತ್ತಿದ್ದವನು ನಾನು. ಹೊದಿಕೆ ಹರಿದು ಅವರೆದುರಿಗೇ ಓದಿದೆ. 20 ಡಬ್ಲ್ಯು 40 ಎಂದು ಸ್ಪಷ್ಟವಾಗಿ ಅಚ್ಚಾಗಿತ್ತು. ನನ್ನ ಪ್ರಬಂಧಗಳ ಸಂಕಲನವನ್ನು ಮುದ್ರಿಸಲೆಂದು ಕೂಡಿಟ್ಟಿದ್ದ ಹಣ ಕ್ಯಾಮ್ ಶಾಫ್ಟಿಗೆ ಸಂದಿತು. ಆ ಸಂಕಲನ ಇಂದಿಗೂ ಅಚ್ಚಾಗಿಲ್ಲ. ಓದುಗರ ಪುಣ್ಯ ಎನ್ನುವ ಮಿತ್ರರಿದ್ದಾರೆ.

ಈಗ ಆ ಬರಹದ ಅರ್ಥಕ್ಕೆ ಬರುತ್ತೇನೆ. ಡಬ್ಬಿಯ ಮೇಲಿನ ಅಂಕಿಗಳು ಅಮೆರಿಕದ ಮೋಟಾರು ಎಂಜಿನಿಯರುಗಳ ಸಂಘ 1911ರಲ್ಲಿ ಆರಂಭಿಸಿದ, ಅನಂತರ ಎಷ್ಟೋ ಸಲ ತಿದ್ದಿದ ವರ್ಗೀಕರಣಕ್ಕೆ ಸೇರಿದವು. ಅವು ತೂಕವೂ ಅಲ್ಲ, ಶಾಖದ ಡಿಗ್ರಿಯೂ ಅಲ್ಲ, ಗುಣಕ್ಕೆ ಕೊಟ್ಟ ಅಂಕವಂತೂ ಅಲ್ಲವೇ ಅಲ್ಲ. 40 ಎಂಬುದು 30ಕ್ಕಿಂತ ಒಳ್ಳೆಯ ಎಣ್ಣೆಯಲ್ಲ, ಹೆಚ್ಚು ಗಟ್ಟಿಯಾದ ಎಣ್ಣೆ, ಅಷ್ಟೆ. ಹರಿಯಲು ಒಪ್ಪದ ಈ ಗುಣಕ್ಕೆ ಶಾಸ್ತ್ರದಲ್ಲಿ ಸ್ನಿಗ್ಧತೆ ಎಂದು ಹೆಸರು. ಸೆಂಟಿಸ್ಟೋಕ್ ಎಂಬುದು ಅದರ ಅಳತೆ. ಸಾಧಾರಣ ಉಷ್ಣತೆಯ ನೀರಿನದು ಸುಮಾರು 1. ಎಣ್ಣೆಯನ್ನು 100 ಡಿಗ್ರಿ ಸೆಂಟಿಗ್ರೇಡಿಗೆ ಕಾಯಿಸಿ ಅಳೆದಾಗ 9.3ರಿಂದ 12.5ರೊಳಗೆ ಬಂದರೆ ಅದು 30ನೆಯ ದರ್ಜೆ, 12.5ರಿಂದ 16.3ರೊಳಗಿದ್ದರೆ 40, ಅದಕ್ಕೂ ಮೇಲೆ 21.9ರೊಳಗಿದ್ದರೆ 50.

ಬಿಸಿಯಾದಂತೆ ಎಣ್ಣೆ ತೆಳುವಾಗುವುದನ್ನು ಅಡುಗೆಮನೆ ಬಲ್ಲವರಿಗೆ ಹೇಳಬೇಕಾದ್ದಿಲ್ಲ. ಮಾಗಿಯಲ್ಲಿ ಸೀಸೆಯೊಳಗೆ ಕಲ್ಲಾಗುವ ಕೊಬ್ಬರಿ ಎಣ್ಣೆ ಬಿಸಿಲಿಗಿಟ್ಟರೆ ನೀರಾಗುತ್ತದೆ. ಎಂಜಿನ್ ಎಣ್ಣೆ ಹಾಗೆ ಹೆಪ್ಪುಗಟ್ಟುವುದಿಲ್ಲ. ಆದರೆ 40 ಡಿಗ್ರಿಯಲ್ಲಿದ್ದ ಸ್ನಿಗ್ಧತೆ 100 ಡಿಗ್ರಿಯಲ್ಲಿ ಸುಮಾರು ಹತ್ತನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಕಾದಾಗ ಸಾಕಷ್ಟು ಗಟ್ಟಿಯಾಗಿರುವಂತೆ ಮಾಡಿದರೆ ತಣ್ಣಗಿರುವಾಗ ಅತಿ ಗಟ್ಟಿ. ತಣ್ಣಗಿರುವಾಗ ಹರಿಯುವಂತೆ ಮಾಡಿದರೆ ಕಾದಾಗ ಅತಿ ತೆಳು. ಈ ಇಕ್ಕಟ್ಟನ್ನು ಬಿಡಿಸಲು ಬಂದದ್ದು ಬಹುದರ್ಜೆಯ ಎಣ್ಣೆ. ಅದರಲ್ಲಿ ಉದ್ದನೆಯ ಸರಪಳಿಯಂತಹ ಅಣುಗಳನ್ನು ಬೆರೆಸಿರುತ್ತಾರೆ. ತಣ್ಣಗಿರುವಾಗ ಅವು ಮುದುಡಿಕೊಂಡು ತೆಪ್ಪಗಿರುತ್ತವೆ. ಕಾದಾಗ ಬಿಚ್ಚಿಕೊಂಡು, ಎಣ್ಣೆ ವಿಪರೀತ ತೆಳುವಾಗದಂತೆ ತಡೆಯುತ್ತವೆ. 20 ಡಬ್ಲ್ಯು 40 ಎಂದರೆ ಚಳಿಯಲ್ಲಿ 20ರ ವರ್ತನೆ, ಕಾವಿನಲ್ಲಿ 40ರದು. ಡಬ್ಲ್ಯು ಎಂಬ ಅಕ್ಷರ ಚಳಿಗಾಲವನ್ನು ಸೂಚಿಸುವ ಇಂಗ್ಲಿಷ್ ಪದದ ಮೊದಲಕ್ಷರ. 20 ಡಬ್ಲ್ಯು ಎಣ್ಣೆಯನ್ನು ಪರೀಕ್ಷಿಸುವುದು ಸೊನ್ನೆಗಿಂತ 15 ಡಿಗ್ರಿ ಕೆಳಗೆ, 5 ಡಬ್ಲ್ಯು ಎಣ್ಣೆಯನ್ನು 30 ಡಿಗ್ರಿ ಕೆಳಗೆ.

ಮಂಜುಗಡ್ಡೆ ಕಾಣದ ನಮ್ಮ ನಾಡಿಗೆ ಈ ಚಳಿಯ ಅಂಕಿಯಿಂದ ಏನು ಪ್ರಯೋಜನ ಎಂದು ಕೇಳಬಹುದು. ಕಾರು ಶುರುವಾಗುವುದಷ್ಟೇ ಪ್ರಶ್ನೆಯಾದರೆ ಪ್ರಯೋಜನ ಸ್ವಲ್ಪವೇ. ಆದರೆ ಹದಿನೈದು ಡಿಗ್ರಿಯ ಬೆಂಗಳೂರಿನ ಬೆಳಗಿನಲ್ಲೂ ಚಿಕ್ಕ ಅಂಕಿಯ ಎಣ್ಣೆ ನೆತ್ತಿಗೆ ಬೇಗ ಏರುತ್ತದೆ. ಇನ್ನು “ನಮ್ಮದು ಸೆಖೆಯ ದೇಶ, ಗಟ್ಟಿ ಎಣ್ಣೆಯೇ ಬೇಕು” ಎಂಬ ಮಾತು ಅರ್ಧ ಸತ್ಯ. ನೀರಿನಿಂದ ತಂಪಾಗುವ ಎಂಜಿನ್ನಿನಲ್ಲಿ ಥರ್ಮೋಸ್ಟ್ಯಾಟ್ ಎಂಬ ಕಾವಲುಗಾರ ಕಾವನ್ನು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಇಟ್ಟಿರುತ್ತಾನೆ. ರಾಯಚೂರಿನ ಮೇ ತಿಂಗಳಿಗೂ ಮಡಿಕೇರಿಯ ಡಿಸೆಂಬರಿಗೂ, ಒಮ್ಮೆ ಕಾದ ಮೇಲೆ, ಎಂಜಿನ್ನಿನೊಳಗೆ ನಾವು ಊಹಿಸುವಷ್ಟು ಅಂತರವಿಲ್ಲ. ಗಾಳಿಯಿಂದ ತಂಪಾಗುವ ಮೋಟಾರು ಸೈಕಲ್ಲಿಗೆ ಮಾತ್ರ ಹೊರಗಿನ ಸೆಖೆ ನೇರವಾಗಿ ತಟ್ಟುತ್ತದೆ. ಅದನ್ನು ಮಾಡಿದವರಿಗೂ ಇದು ಗೊತ್ತಿದೆ. ಪುಸ್ತಿಕೆಯಲ್ಲಿ ಹವೆಗೆ ತಕ್ಕಂತೆ ಎರಡು ಮೂರು ದರ್ಜೆಗಳನ್ನು ಹೇಳಿದ್ದರೆ ಆ ಮಿತಿಯೊಳಗೆ ನಮ್ಮ ಊರಿಗೆ ಒಪ್ಪುವುದನ್ನು ಆರಿಸಿಕೊಳ್ಳಬಹುದು.

ಅಂಕಿಯ ಪಕ್ಕದಲ್ಲೇ ಎರಡು ಅಕ್ಷರಗಳಿರುತ್ತವೆ. ಇವನ್ನು ಗಮನಿಸುವವರು ಇನ್ನೂ ಕಡಿಮೆ. ಅಮೆರಿಕದ ಪೆಟ್ರೋಲಿಯಂ ಸಂಸ್ಥೆ ಕೊಡುವ ಗುಣದರ್ಜೆ ಇದು. ಪೆಟ್ರೋಲು ಎಂಜಿನ್ನಿಗೆ ಎಸ್ ಎಂಬುದು ಮೊದಲಕ್ಷರ, ಡೀಸೆಲ್ಲಿಗೆ ಸಿ. ಎರಡನೆಯ ಅಕ್ಷರ ವರ್ಣಮಾಲೆಯಲ್ಲಿ ಮುಂದೆ ಸರಿದಷ್ಟೂ ಪರೀಕ್ಷೆ ಹೊಸತು. ಎಸ್‌ಎ ಎಂಬುದು ಯಾವ ಸೇರ್ಪಡೆಯೂ ಇಲ್ಲದ ಬರಿ ಎಣ್ಣೆ. 2010ರಲ್ಲಿ ಎಸ್‌ಎನ್, 2020ರಲ್ಲಿ ಎಸ್‌ಪಿ, 2025ರಲ್ಲಿ ಎಸ್‌ಕ್ಯೂ ಬಂದವು. ಕೊಳೆಯನ್ನು ತೊಳೆಯುವ, ತೊಳೆದ ಕೊಳೆ ಗಸಿಯಾಗಿ ಕೂರದಂತೆ ತೇಲಿಸಿ ಹಿಡಿಯುವ, ಸವೆತವನ್ನು ತಡೆಯುವ ಸೇರ್ಪಡೆಗಳ ಯೋಗ್ಯತೆಯನ್ನು ಈ ಅಕ್ಷರಗಳು ಹೇಳುತ್ತವೆ. ಹಾಕಿದ ಎಣ್ಣೆ ಬೇಗ ಕಪ್ಪಾಯಿತು, ಮೋಸದ ಎಣ್ಣೆ ಎಂದು ಬೈಯುವವರಿದ್ದಾರೆ. ಕಪ್ಪಾಗುವುದು ಅದು ಕೆಲಸ ಮಾಡುತ್ತಿರುವುದರ ಗುರುತು; ಬಟ್ಟೆ ಒಗೆದ ನೀರು ತಿಳಿಯಾಗಿದ್ದರೆ ಅನುಮಾನಪಡಬೇಕು. ಪುಸ್ತಿಕೆ ಹಳೆಯ ಅಕ್ಷರವನ್ನು ಹೇಳಿದ್ದರೆ, ಅದೇ ಅಂಕಿಯಲ್ಲಿ ಹೊಸ ಅಕ್ಷರದ ಎಣ್ಣೆಯನ್ನು ಸಾಮಾನ್ಯವಾಗಿ ಹಾಕಬಹುದು. ಹೊಸದು ಕೇಳಿದ ಎಂಜಿನ್ನಿಗೆ ಹಳೆಯದನ್ನು ಹಾಕಬಾರದು.

ಮೋಟಾರು ಸೈಕಲ್ಲಿನ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ಬಹುತೇಕ ಸೈಕಲ್ಲುಗಳಲ್ಲಿ ಎಂಜಿನ್ನು, ಗೇರು, ಕ್ಲಚ್ಚು ಮೂರೂ ಒಂದೇ ಎಣ್ಣೆಯಲ್ಲಿ ಮುಳುಗಿರುತ್ತವೆ. ಕಾರಿನ ತೆಳು ಎಣ್ಣೆಗಳಲ್ಲಿ ಜಾರಿಕೆಯನ್ನು ಹೆಚ್ಚಿಸುವ ಮದ್ದು ಬೆರೆಸಿರುವುದುಂಟು. ಅದು ಕ್ಲಚ್ಚಿನ ಹಿಡಿತವನ್ನೇ ಕಳೆಯುತ್ತದೆ. ಹಿಡಿತ ಉಳಿಸುವ ಎಣ್ಣೆಗೆ ಜಪಾನಿನ ಜಾಸೊ ಗುರುತಿನಲ್ಲಿ ಎಂಎ ಎಂದು ಬರೆದಿರುತ್ತಾರೆ. ಗಟ್ಟಿತನ ಸಾಲದೆಂದಲ್ಲ, ಅತಿ ನುಣುಪೆಂದು ಇಲ್ಲಿ ಎಣ್ಣೆ ತಪ್ಪುತ್ತದೆ. ಇನ್ನು 1996ರಲ್ಲಿ ಬಾಗಿಲು ಮುಚ್ಚಿದ ಮೈಸೂರಿನ ಕಾರ್ಖಾನೆಯ ಜಾವಾಗಳನ್ನು ಜತನವಾಗಿ ಓಡಿಸುವ ಹಿರಿಯರಿದ್ದಾರೆ. ಅವು ಎರಡು ಹೊಡೆತದ ಎಂಜಿನ್ನುಗಳು. ಪೆಟ್ರೋಲಿಗೇ ಬೆರೆಸಿದ ಎಣ್ಣೆ ಅದರೊಡನೆ ಉರಿದುಹೋಗುತ್ತದೆ. ಅವುಗಳ ಎಣ್ಣೆಯೇ ಬೇರೆ, ಅಲ್ಲಿಗೆ ಈ ಅಂಕಿಗಳ ಲೆಕ್ಕ ನಡೆಯುವುದಿಲ್ಲ.

ನಮ್ಮ ಹರಳೆಣ್ಣೆ ಗಾಡಿಯ ಅಚ್ಚಿನಲ್ಲೇ ಉಳಿಯಲಿಲ್ಲ ಎಂಬುದನ್ನು ಹೇಳದೆ ಮುಂದೆ ಹೋಗಲಾರೆ. ಮೊದಲ ಮಹಾಯುದ್ಧದ ಕಾಲದ ಎಷ್ಟೋ ವಿಮಾನಗಳ ಎಂಜಿನ್ನುಗಳಿಗೆ ಅದೇ ಎಣ್ಣೆ. ಪೆಟ್ರೋಲಿನಲ್ಲಿ ಅದು ಸುಲಭವಾಗಿ ಕರಗದು, ಲೋಹವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಕ್ಯಾಸ್ಟ್ರಾಲ್ ಎಂಬ ಪ್ರಸಿದ್ಧ ಹೆಸರು ಹರಳೆಣ್ಣೆಯ ಇಂಗ್ಲಿಷ್ ಹೆಸರಿನಿಂದಲೇ ಹುಟ್ಟಿದ್ದು. ಹೊಗೆಯಲ್ಲಿ ಬೆರೆತ ಈ ಎಣ್ಣೆಯನ್ನು ಸೇವಿಸಿ ವಿಮಾನಚಾಲಕರ ಹೊಟ್ಟೆ ಕೆಡುತ್ತಿತ್ತೆಂದೂ ಹೇಳುವುದುಂಟು. ಬಾಲ್ಯದಲ್ಲಿ ಹರಳೆಣ್ಣೆ ಕುಡಿದ ಯಾರೂ ಇದನ್ನು ನಂಬದೆ ಇರಲಾರರು. ಕಾವಿಗೆ ಬೇಗ ಅಂಟಾಗಿ ಗಸಿಗಟ್ಟುವುದು ಅದರ ದೋಷ. ದಿನಬಳಕೆಯ ಕಾರಿಗೆ ಸಲ್ಲದು.

ಸರಿಯಾದ ಎಣ್ಣೆಯನ್ನು ಆರಿಸಿಯೂ ಕೆಡಿಸುವ ದಾರಿಯೊಂದುಂಟು. ನಮ್ಮಂತಹ ಪಟ್ಟಣವಾಸಿಗಳು ಹಿಡಿಯುವುದು ಆ ದಾರಿಯನ್ನೇ. ಕಾರನ್ನು ತೆಗೆಯುವುದು ಮಾರುಕಟ್ಟೆಗೆ, ಎರಡು ಕಿಲೋಮೀಟರು, ಮತ್ತೆ ಷೆಡ್ಡಿಗೆ. ಕಾರು ಕಡಿಮೆ ಓಡಿದೆ, ಎಣ್ಣೆ ಹೊಸದಾಗಿಯೇ ಇದೆ ಎಂದುಕೊಳ್ಳುತ್ತೇವೆ. ಒಂದು ಲೀಟರು ಪೆಟ್ರೋಲು ಉರಿದರೆ ಸುಮಾರು ಒಂದು ಲೀಟರಿನಷ್ಟೇ ನೀರು ಆವಿಯಾಗಿ ಹುಟ್ಟುತ್ತದೆ. ಅದರ ಬಹುಪಾಲು ಹೊಗೆಯೊಡನೆ ಹೊರಬಿದ್ದರೂ ಸ್ವಲ್ಪ ಭಾಗ, ಜೊತೆಗೆ ಉರಿಯದ ಪೆಟ್ರೋಲಿನ ಹನಿಗಳು, ಪಿಸ್ಟನ್ನಿನ ಪಕ್ಕದಿಂದ ಕೆಳಕ್ಕೆ ಜಾರಿ ಎಣ್ಣೆಯನ್ನು ಸೇರುತ್ತವೆ. ಎಂಜಿನ್ನು ಚೆನ್ನಾಗಿ ಕಾದು ಓಡಿದರೆ ಇವು ಆರಿಹೋಗುತ್ತವೆ. ಕಾಯುವ ಮುನ್ನವೇ ನಿಲ್ಲಿಸಿದರೆ ಅಲ್ಲೇ ಉಳಿಯುತ್ತವೆ. ಎಣ್ಣೆ ಹುಯ್ಯುವ ಮುಚ್ಚಳವನ್ನು ತೆಗೆದು ನೋಡಿ. ಒಳಗೆ ಕೆನೆಯಂತಹ ಬಿಳಿಚು ಲೇಪ ಕಂಡರೆ ಅದು ನೀರು ಬೆರೆತ ಎಣ್ಣೆಯಿರಬಹುದು. ಇಂತಹ ಕಾರಿಗೆ ಕಿಲೋಮೀಟರಿನ ಲೆಕ್ಕ ಸಾಲದು. ಪುಸ್ತಿಕೆಯಲ್ಲಿ ಇಷ್ಟು ಕಿಲೋಮೀಟರು ಅಥವಾ ಇಷ್ಟು ತಿಂಗಳು ಎಂದು ಬರೆದಿರುವುದು ಇದಕ್ಕಾಗಿ. ಆ “ಅಥವಾ” ಎಂಬ ಅವ್ಯಯದ ಬೆಲೆ ವ್ಯಾಕರಣ ಕಲಿಸುವಾಗ ನನಗೂ ಇಷ್ಟು ತಿಳಿದಿರಲಿಲ್ಲ.

ಕೃತಕ ಎಣ್ಣೆ, ಸಿಂಥೆಟಿಕ್ ಎನ್ನುತ್ತಾರಲ್ಲ, ಅದರ ಬಗ್ಗೆ ಕೇಳುವವರು ಬಹಳ. ಚಳಿಯಲ್ಲಿ ಅದು ಚೆನ್ನಾಗಿ ಹರಿಯುತ್ತದೆ, ಕಾವಿಗೆ ಬೇಗ ಕೆಡುವುದಿಲ್ಲ. ಟರ್ಬೊ ಇರುವ ಎಂಜಿನ್ನಿಗೆ, ತೆಳು ದರ್ಜೆ ಕೇಳುವ ಹೊಸ ಎಂಜಿನ್ನಿಗೆ ಅದು ಬೇಕೇ ಬೇಕು. ಸಾಧಾರಣ 20 ಡಬ್ಲ್ಯು 40 ಕೇಳುವ ಹಳೆಯ ಎಂಜಿನ್ನಿಗೆ ಹಾಕಿದರೆ ಕೆಡುಕಿಲ್ಲ. ಜೇಬಿಗೆ ಮಾತ್ರ ಭಾರ. ನನ್ನನ್ನು ಕೇಳಿದರೆ, ದುಬಾರಿ ಎಣ್ಣೆಯನ್ನು ಅವಧಿ ಮೀರಿಸಿ ಓಡಿಸುವುದಕ್ಕಿಂತ ಹೇಳಿದ ದರ್ಜೆಯ ಸಾದಾ ಎಣ್ಣೆಯನ್ನು ಹೊತ್ತಿಗೆ ಬದಲಾಯಿಸುವುದು ಮೇಲು. ನಕಲಿ ಎಣ್ಣೆಯ ಕಾಟವೂ ಉಂಟು. ಖಾಲಿಯಾದ ಒಳ್ಳೆಯ ಡಬ್ಬಿಗಳೇ ನಕಲಿಯವರ ಬಂಡವಾಳವಾದ್ದರಿಂದ ಎಣ್ಣೆ ಸುರಿದೊಡನೆ ಡಬ್ಬಿಗೆ ತೂತು ಹೊಡೆಯುವ ಅಭ್ಯಾಸ ನನ್ನದು. ತೆಗೆದ ಹಳೆಯ ಎಣ್ಣೆಯನ್ನು ಗೆದ್ದಲಿಗೆಂದು ಬೇಲಿಗೂಟಕ್ಕೆ ಬಳಿಯುವುದನ್ನು ನಾನೂ ಮಾಡಿದ್ದೇನೆ. ಅದರಲ್ಲಿ ಕ್ಯಾನ್ಸರಿಗೆ ಕಾರಣವಾಗುವ ವಸ್ತುಗಳಿವೆ ಎಂದು ತಿಳಿದ ಮೇಲೆ ಬಿಟ್ಟೆ.

ಈಚೆಗೆ ಮೊಮ್ಮಗಳು ಕಾರು ಕೊಂಡಳು. ಪುಸ್ತಿಕೆಯನ್ನು ನಾನೇ ಮೊದಲು ಓದಿದೆ. ಸೊನ್ನೆ ಡಬ್ಲ್ಯು 16 ಎಂದಿತ್ತು. ನನ್ನ ಕಾಲದಲ್ಲಿ 16 ಎಂಬ ದರ್ಜೆಯೇ ಇರಲಿಲ್ಲ. ಅದನ್ನು ಪಟ್ಟಿಗೆ ಸೇರಿಸಿದ್ದು 2013ರಲ್ಲಿ. ಕಾದಾಗ ಅದರ ಸ್ನಿಗ್ಧತೆ ನಾನು ಮಡಿಕೇರಿಯಲ್ಲಿ ಹಾಕುತ್ತಿದ್ದ ಎಣ್ಣೆಯ ಅರ್ಧದಷ್ಟೂ ಇಲ್ಲ. ಡಬ್ಬಿಯನ್ನು ಅಲುಗಿಸಿದರೆ ನೀರಿನಂತೆ ಕುಲುಕಿತು. ಎಂಬತ್ತು ದಾಟಿದರೂ ಅಜ್ಜನ ಬಿದಿರಂಡೆ ತಲೆಯಿಂದ ಹೋಗಿಲ್ಲ. ಇದನ್ನು ಎಂಜಿನ್ನಿಗೆ ಹುಯ್ಯುವುದೆಂದರೆ ಜೀವ ಹಿಂಜರಿಯಿತು. ಪುಸ್ತಿಕೆಯನ್ನು ಇನ್ನೊಮ್ಮೆ ತೆರೆದು ನೋಡಿದೆ. ಅದೇ ಅಂಕಿ. “ಹುಯ್ಯಲೇ ತಾತ?” ಎಂದಳು. ಹುಯ್ಯಿ ಎಂದೆ. ಮಾರನೆಯ ಬೆಳಗ್ಗೆ ಅವಳು ಆಫೀಸಿಗೆ ಹೊರಟಾಗ ಕಿಟಕಿಯ ಬಳಿ ನಿಂತು ಕಿವಿಗೊಟ್ಟೆ. ಕಾರು ಶುರುವಾದದ್ದು ನನಗೆ ತಿಳಿಯಲೇ ಇಲ್ಲ, ಗೇಟು ದಾಟಿತ್ತು.